ಅಣ್ಣನನ್ನು ಬಿಡಿ, ತಂಗಿಗೆ ಬಸ್ ಬಿಡಿ

ಡಿಗ್ರಿ ಕಾಲೇಜಿಗೆ ಮಕ್ಕಳು ಬರುತ್ತಿಲ್ಲ ಎಂಬ ಕೊರಗು ಕೇಳುತ್ತಿದ್ದೇವೆ. ನಮ್ಮೂರಿನ ಕಥೆ ಕೇಳಿ. ಪಿಯುಸಿ ಪಾಸಾದ ಪಕ್ಕದ ಮನೆ ಹುಡುಗ ಡಿಗ್ರಿಗೆ ಸೇರದೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಕಲಿಯುತ್ತಿದ್ದಾನೆ. ಬುದ್ಧಿ ಹೇಳಲು ಹೋದರೆ ‘ಯುವನಿಧಿ’ ಲೆಕ್ಕ ತೆಗೆದ: ‘ಡಿಗ್ರಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ರೆ ತಿಂಗಳಿಗೆ 3,000 ರೂಪಾಯಿ, ಅದೂ ಎರಡೇ ವರ್ಷ. ಬೇಸಿಗೇಲಿ ಎರಡು ಮೋಟಾರ್ ಕಟ್ಟಿದ್ರೆ ಅಷ್ಟಾಗುತ್ತೆ, ಅಣ್ಣ.’ ನಾನು ಸುಮ್ಮನಾದೆ.

ಅವನ ತಂಗಿಯ ಕಥೆ ಬೇರೆ. ಅವಳಿಗೆ ಓದುವ ಆಸೆಯಿದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಟಿಕೆಟ್ಟೇನೋ ಉಚಿತ. ಆದರೆ ಸಂಜೆ ನಮ್ಮೂರಿಗೆ ಬಸ್ಸೇ ಇಲ್ಲ. ಕ್ರಾಸ್‌ನಲ್ಲಿ ಇಳಿದು ಕತ್ತಲಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಅಪ್ಪ ಬೇಡ ಎಂದಿದ್ದಾರೆ. ಕಾಲೇಜಿಗೆ ಮಕ್ಕಳು ಬರುತ್ತಿಲ್ಲವೆಂದು ಕೊರಗುವವರು ಅಣ್ಣನನ್ನು ಅವನ ಪಾಡಿಗೆ ಬಿಡಲಿ, ತಂಗಿಗಾಗಿ ಐದೂವರೆಗೆ ಒಂದು ಬಸ್ ಬಿಡಲಿ.

– ಒಬ್ಬ ಓದುಗ, ತಿಪಟೂರು ತಾಲ್ಲೂಕು