ಮೈನಸ್ 80ರ ಫ್ರೀಜರ್ ಕೈಕೊಟ್ಟಿದೆ, ಯುಗಾದಿಯೊಳಗೆ ಹೊಸದು ಬೇಕು

ಬಂಧುಗಳೇ, ನಮಸ್ಕಾರ.

ಹೋದ ತಿಂಗಳು ಶನಿವಾರ ರಾತ್ರಿ ಕರೆಂಟ್ ಹೋಗಿ ಬಂದಾಗ ಸಂಶೋಧನೆಗೆ ರಕ್ತದ ಕ್ಯಾನ್ಸರ್ ರೋಗಿಗಳ ಮಾದರಿ ಇಡುವ ನಮ್ಮ ಮೈನಸ್ 80 ಡಿಗ್ರಿ ಫ್ರೀಜರಿನ ಕಂಪ್ರೆಸರ್ ಸುಟ್ಟುಹೋಯಿತು. ಭಾನುವಾರ ಲ್ಯಾಬಿಗೆ ರಜ. ಸೋಮವಾರ ಬಾಗಿಲು ತೆಗೆದರೆ ಮೇಲಿನ ಖಾನೆಗಳಲ್ಲಿ ನೀರು, ಟ್ಯೂಬುಗಳ ಮೇಲೆ ಬರೆದ ಇಂಕು ಹರಿದು ನೀಲಿ ಕಲೆಯಾಗಿತ್ತು. ಕೆಳಗಿನ ಖಾನೆ ಮಾತ್ರ ಉಳಿಯಿತು. ಡಿಎನ್‌ಎ ಆಗಿದ್ದರೆ ಇಷ್ಟು ಸಂಕಟ ಇರಲಿಲ್ಲ, ನಮಗೆ ಬೇಕಾದದ್ದು ಅದರಿಂದ ನಕಲಾಗುವ ಆರ್‌ಎನ್‌ಎ. ಆರ್‌ಎನ್‌ಎ ಕರಗಿತು ಅಂದ್ರೆ ಮಾದರಿಯೊಳಗಿನ ಕಿಣ್ವಗಳೇ ಅದನ್ನು ಚೂರುಚೂರು ಮಾಡಿಬಿಡುತ್ತವೆ.

ನಮ್ಮ ಟ್ರಸ್ಟ್ ನಿಮಗೆ ಹೊಸದಲ್ಲ. ರಕ್ತದ ಕ್ಯಾನ್ಸರ್ ರೋಗಿಗಳ ಜೊತೆ ಊರಿಂದ ಬಂದವರು ಆಸ್ಪತ್ರೆ ಎದುರಿನ ಫುಟ್‌ಪಾತಿನಲ್ಲಿ ಮಲಗುವುದನ್ನು ನೋಡಲಾರದೆ ಒಂದು ಬಾಡಿಗೆ ಮನೆಯಲ್ಲಿ ಶುರುವಾದದ್ದು. ಇವತ್ತಿಗೂ ಬೆಳಗ್ಗೆ ರಾಗಿ ಗಂಜಿ, ರಾತ್ರಿ ಅನ್ನ ಸಾರು ತಪ್ಪಿಲ್ಲ. ಪ್ಲೇಟ್‌ಲೆಟ್ ಬೇಕು ಅಂತ ನಡುರಾತ್ರಿ ಫೋನ್ ಬಂದರೂ ನಮ್ಮ ಹುಡುಗರು ಎದ್ದು ಹೋಗಿದ್ದಾರೆ. ಹೇಳಿಕೊಳ್ಳಬಾರದು, ಆದರೂ ಹೆಮ್ಮೆ ಇದೆ.

ಗಂಜಿ ಹಾಕೋರಿಗೆ ಸಂಶೋಧನೆ ಯಾಕೆ ಅಂತ ಕೆಲವರು ಕೇಳಿದ್ದೀರಿ. ನಮ್ಮ ಜೀನೋಮಿನಲ್ಲಿ, ಅಂದರೆ ಜೀವಕೋಶದೊಳಗಿನ ಇಡೀ ಡಿಎನ್‌ಎಯಲ್ಲಿ, ಪ್ರೋಟೀನಿಗೆ ನೇರ ಸೂಚನೆ ಕೊಡುವ ಭಾಗ ನೂರಕ್ಕೆ 2ರ ಆಸುಪಾಸು. ಉಳಿದದ್ದರಲ್ಲಿ ಬಹಳಷ್ಟನ್ನು ಕಸ ಅಂತಲೇ ತಳ್ಳಿಹಾಕಿದ್ದರು. ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಕ್ಯಾನ್ಸರ್ ಕೋಶಗಳಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಇರೋದಿಲ್ಲ. ಅಲ್ಲಿ ಯಾವ ಜೀನ್ ಕಳೆದುಹೋಗಿದೆ ಅಂತ ವರ್ಷಗಟ್ಟಲೆ ಹುಡುಕಿದರು. 2002ರಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳಾದ ಜಾರ್ಜ್ ಕಾಲಿನ್, ಕಾರ್ಲೊ ಕ್ರೋಚೆ ಅವರ ತಂಡಕ್ಕೆ ಸಿಕ್ಕಿದ್ದು ಪ್ರೋಟೀನ್ ಮಾಡದ ಎರಡು ಪುಟ್ಟ ಆರ್‌ಎನ್‌ಎ: ಮಿರ್-15ಎ, ಮಿರ್-16-1. ಉದ್ದ ಬರೀ 22 ಅಕ್ಷರ! ಬಿಸಿಎಲ್2 ಎಂಬ ಪ್ರೋಟೀನನ್ನು ಹದ್ದುಬಸ್ತಿನಲ್ಲಿ ಇಡೋದು ಇವೇ. ಇವು ಹೋದರೆ ಬಿಸಿಎಲ್2 ಜಾಸ್ತಿಯಾಗಿ, ಸಾಯಬೇಕಾದ ಜೀವಕೋಶ ಸಾಯೋದೇ ಇಲ್ಲ. ಇಂಥದೇ ಇನ್ನೊಂದು ಮಿರ್-155 ಇದಕ್ಕೆ ಉಲ್ಟಾ, ಕೆಲವು ಲಿಂಫೋಮಾಗಳಲ್ಲಿ (ದುಗ್ಧಗ್ರಂಥಿಗಳ ಕ್ಯಾನ್ಸರ್) ಅದು ಮಿತಿಮೀರಿ ಏರಿರುತ್ತೆ. ಇಂಥ ಪುಟ್ಟ, ಅಂದರೆ ಮೈಕ್ರೋ ಆರ್‌ಎನ್‌ಎ ಕಂಡುಹಿಡಿದವರಿಗೇ ಅಲ್ವಾ 2024ರ ವೈದ್ಯಕೀಯ ನೊಬೆಲ್ ಬಂದದ್ದು?

ಆದರೆ ಸಿಎಲ್‌ಎಲ್ ನಮ್ಮ ದೇಶದಲ್ಲಿ ಪಶ್ಚಿಮದವರಷ್ಟು ಕಾಣೋದಿಲ್ಲ. ಹಾಗಾಗಿ ನಮ್ಮವರ ಮಾದರಿ ಒಂದೊಂದೂ ಮುಖ್ಯ. ಸಿಂಧನೂರು ಕಡೆಯ ಒಬ್ಬ ತಾಯಿ, ಮಗನ ಬಸ್ ಚಾರ್ಜಿಗೇ ಸಾಲ ಮಾಡಿದ್ದವರು, "ಇನ್ನೊಂದು ಮಗುವಿಗಾದರೂ ಆಗಲಿ, ತಗೊಳ್ಳಿ" ಅಂತ ಸಹಿ ಹಾಕಿ ಕೊಟ್ಟಿದ್ದರು. ಅದು ಮೇಲಿನ ಖಾನೆಯಲ್ಲಿತ್ತು.

ಉಳಿದ ಮಾದರಿಗಳಿಗೆ ಪಕ್ಕದ ಕಾಲೇಜಿನವರು ಜಾಗ ಕೊಟ್ಟಿದ್ದಾರೆ, ಯುಗಾದಿಯ ತನಕ ಮಾತ್ರ. ಫ್ರೀಜರಿಗೆ ಎಂಟು ಲಕ್ಷದ ಹತ್ತಿರ, ಯುಪಿಎಸ್, ಮೊಬೈಲಿಗೆ ಅಲಾರ್ಮ್ ಎಲ್ಲಾ ಸೇರಿ ಹತ್ತಾಗಬಹುದು. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡ್ತೀವಿ, ಆದಾಯ ತೆರಿಗೆ ವಿನಾಯಿತಿಯೂ ಇದೆ. ಊಟದ ಹುಂಡಿಯ ದುಡ್ಡನ್ನು ಇದಕ್ಕೆ ಮುಟ್ಟೋದಿಲ್ಲ, ಹಾಗಾಗಿ ಹಣ ಕಳಿಸುವಾಗ "ಫ್ರೀಜರ್" ಅಂತ ಬರೆಯೋದು ಮರೀಬೇಡಿ.

ಇಂತಿ,
ಟ್ರಸ್ಟಿಗಳು