ಕತ್ತೆಯ ಸಂಗೀತ ಮಕ್ಕಳಿಗಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಚಿತ್ರ, ಶಿಲ್ಪಗಳಲ್ಲಿ ಮನುಷ್ಯರಂತೆ ನಡೆದುಕೊಳ್ಳುವ ಪ್ರಾಣಿಗಳ ಬಗ್ಗೆ ನೀವು ಕಳೆದ ವಾರ ಪ್ರಕಟಿಸಿದ ಲೇಖನ ಚೆನ್ನಾಗಿತ್ತು. ಆದರೆ ಅದನ್ನು ಮಕ್ಕಳ ಪುಟಕ್ಕೆ ಹಾಕಿದ್ದು ಯಾಕೋ ಸರಿ ಕಾಣಲಿಲ್ಲ. ಕೋಟು ತೊಟ್ಟ ಮೊಲ ಕಂಡರೆ ಸಾಕು, ಇದು ಮಕ್ಕಳದ್ದು ಅಂತ ತೀರ್ಮಾನಿಸಿಬಿಡುತ್ತೇವೆ, ಅಲ್ವಾ? ಹಳೆಯ ಕೃತಿಗಳನ್ನು ನೋಡಿದರೆ ಬೇರೆಯದೇ ಕಾಣುತ್ತದೆ.

ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಚೂರುಚೂರಾಗಿ ಸಿಕ್ಕ ಸಿಂಹಮಾನವನ ಮೂರ್ತಿ ಸುಮಾರು 40,000 ವರ್ಷ ಹಳೆಯದು. ಮ್ಯಾಮತ್ ಎಂಬ ಹಿಮಯುಗದ ಆನೆಯ ದಂತದಲ್ಲಿ ಕೆತ್ತಿದ್ದು, ಎತ್ತರ 31 ಸೆಂಟಿಮೀಟರ್. ತಲೆ ಸಿಂಹದ್ದು, ನೆಟ್ಟಗೆ ನಿಂತ ಮೈ ಮನುಷ್ಯನದು. ನರಸಿಂಹನನ್ನು ನೋಡಿ ಬೆಳೆದವರಿಗೆ ಇದು ಹೊಸದೆನಿಸದಿರಬಹುದು. ಆದರೆ ಕಲ್ಲಿನ ಉಪಕರಣದಿಂದ ಅಂಥದ್ದೇ ಒಂದನ್ನು ಕೆತ್ತಿ ನೋಡಿದಾಗ ಸುಮಾರು 400 ಗಂಟೆ ಹಿಡಿಯಿತಂತೆ. ಆ ಹಿಮಯುಗದ ಚಳಿಯಲ್ಲಿ ಅಷ್ಟು ಹೊತ್ತು ಯಾರೂ ಸುಮ್ನೆ ಕೂತು ಆಟಿಕೆ ಮಾಡಿರಲಾರರು.

ಲೇಖನದ ಇನ್ನೊಂದು ಮಾತನ್ನೂ ಒಪ್ಪಲಾರೆ. ಹಳಬರು ಇವನ್ನು ಭಯಭಕ್ತಿಯಿಂದ ಮಾತ್ರ ಮಾಡಿದರು, ತಮಾಷೆ ಸೇರಿದ್ದು ಕಾರ್ಟೂನು ಬಂದ ಮೇಲೆ ಎಂದು ಲೇಖಕರು ಬರೆದಿದ್ದಾರೆ. ಇಂದಿನ ಇರಾಕಿನ ಕಡೆಯ ಪ್ರಾಚೀನ ರಾಜ್ಯ ಅಸ್ಸೀರಿಯಾದ ಅರಮನೆ ಬಾಗಿಲಲ್ಲಿ ನಿಲ್ಲಿಸಿದ್ದ ರೆಕ್ಕೆಯ ಗೂಳಿಗಳ ಮಟ್ಟಿಗೆ ಇದು ನಿಜವಿರಬಹುದು. ಮನುಷ್ಯನ ಮುಖ, ಐದು ಕಾಲು: ಎದುರಿನಿಂದ ನೋಡಿದರೆ ನಿಂತಿವೆ, ಪಕ್ಕದಿಂದ ನೋಡಿದರೆ ನಡೆಯುತ್ತಿವೆ. ಅವುಗಳ ಮುಂದೆ ಯಾರಿಗೂ ನಗು ಬರುವುದಿಲ್ಲ.

ಆದರೆ ಇರಾಕಿನ ಉರ್ ನಗರದ ರಾಜಸಮಾಧಿಗಳಲ್ಲಿ 1920ರ ದಶಕದಲ್ಲಿ ಸಿಕ್ಕ ಲೈರ್ ಎಂಬ ತಂತಿವಾದ್ಯವನ್ನು ನೋಡಿ. ಸುಮಾರು 4,500 ವರ್ಷ ಹಳೆಯದು, ಮುಂಭಾಗದಲ್ಲಿ ಚಿನ್ನದ ಗೂಳಿತಲೆ. ಅದರ ಕೆಳಗಿನ ಚಿಪ್ಪಿನ ಚಿತ್ರಪಟ್ಟಿಯಲ್ಲಿ ಔತಣ ನಡೆದಿದೆ. ಕತ್ತೆಕಿರುಬ ಸೊಂಟಕ್ಕೆ ಬಾಕು ಸಿಕ್ಕಿಸಿಕೊಂಡು ಮಾಂಸದ ಮೇಜು ಹೊತ್ತು ಬರುತ್ತಿದೆ. ಹಿಂದೆಯೇ ಹೂಜಿ ಹಿಡಿದ ಸಿಂಹ. ಕತ್ತೆಯೊಂದು ಕೂತು ಲೈರ್ ನುಡಿಸುತ್ತಿದೆ, ಕರಡಿ ವಾದ್ಯ ಅಲುಗದಂತೆ ಹಿಡಿದುಕೊಂಡಿದೆ, ನರಿಯಂಥ ಪುಟ್ಟ ಪ್ರಾಣಿ ಗಿಲಕಿ ಆಡಿಸುತ್ತಿದೆ. ಕತ್ತೆ ನುಡಿಸುತ್ತಿರುವ ವಾದ್ಯಕ್ಕೂ ಗೂಳಿತಲೆಯೇ ಇದೆ! ಅಂದರೆ ವಾದ್ಯದ ಮೇಲೆ ಅದೇ ವಾದ್ಯದ ಚಿತ್ರ, ನುಡಿಸುವವನು ಮಾತ್ರ ಕತ್ತೆ. ಇದಕ್ಕೆ ಪರಲೋಕದ ಅರ್ಥ ಹೇಳುವ ವಿದ್ವಾಂಸರಿದ್ದಾರೆ. ಇರಲಿ, ಸಮಾಧಿಯೊಳಗೆ ಇಟ್ಟದ್ದು ತಾನೆ. ಆದರೂ ಅದನ್ನು ಮಾಡಿದವನು ಒಳಗೊಳಗೇ ನಗಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಈಜಿಪ್ಟಿನವರದ್ದು ಇನ್ನೂ ಜಾಸ್ತಿ ತುಂಟತನ. 3,000 ವರ್ಷಕ್ಕೂ ಹಿಂದಿನ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದದಂಥ ಹಾಳೆ) ಒಂದರಲ್ಲಿ ಸಿಂಹ ಜಿಂಕೆಯ ಎದುರು ಕೂತು ಮಣೆಯಾಟ ಆಡುತ್ತಿದೆ, ಬೆಕ್ಕು ಬಾತುಗಳನ್ನು ಮೇಯಿಸುತ್ತಿದೆ. ಜಪಾನಿನ 12ನೇ ಶತಮಾನದ ಪ್ರಾಣಿಚಿತ್ರಗಳ ಸುರುಳಿಯಲ್ಲಂತೂ ಕಪ್ಪೆ ಬುದ್ಧನ ಭಂಗಿಯಲ್ಲಿ ಕೂತಿದೆ, ಅದರ ಮುಂದೆ ಕೋತಿಯ ಪೂಜೆ. ಕ್ಯೋಟೋದ ಬೌದ್ಧ ದೇವಾಲಯವೊಂದೇ ಈ ಸುರುಳಿಯನ್ನು ಶತಮಾನಗಳ ಕಾಲ ಜೋಪಾನ ಮಾಡಿತು. ತಮ್ಮನ್ನೇ ಗೇಲಿ ಮಾಡುವ ಚಿತ್ರವನ್ನು ಕಾಪಾಡಿದ ಆ ಸನ್ಯಾಸಿಗಳನ್ನು ಮೆಚ್ಚಬೇಕು.

ಲೇಖನದ ಎರಡನೇ ಭಾಗ ಬರಲಿದೆ ಎಂದಿದ್ದೀರಿ. ಅದನ್ನು ಭಾನುವಾರದ ಪುರವಣಿಯಲ್ಲಿ ಹಾಕಿ. ಉರ್‌ನ ಕತ್ತೆಯ ಚಿತ್ರ ದೊಡ್ಡದಾಗಿರಲಿ. ಕಳೆದ ಬಾರಿ ಚಿತ್ರಗಳ ಕೆಳಗೆ ಒಂದು ಸಾಲೂ ಇರಲಿಲ್ಲ. ಕೃತಿ ಯಾವ ಕಾಲದ್ದು, ಯಾವುದರಿಂದ ಮಾಡಿದ್ದು, ಈಗ ಯಾವ ಮ್ಯೂಸಿಯಂನಲ್ಲಿದೆ ಎಂದು ಈ ಸಲ ಬರೆಯಿರಿ.

ಇಂತಿ,
ನಿಮ್ಮ ಓದುಗ