ಬಿಳಿ ಗೆರೆ ಮೇಲೆ ನಡೆಸಿದ ರಾತ್ರಿ

ಮಾನ್ಯ ಸಂಪಾದಕರೇ,

ನಾನು ಶ್ರೀರಂಗಪಟ್ಟಣದ ಗಂಜಾಂನವನು, ವಯಸ್ಸು 61, ಅಡುಗೆ ಕೆಲಸ. ಮಂಡ್ಯ, ಮದ್ದೂರು ಕಡೆಯ ಎಷ್ಟೋ ಬೀಗರೂಟಗಳಿಗೆ ಮುದ್ದೆ ತೊಳಸಿದ್ದೇನೆ. ಕುಡಿತ ಯಾವತ್ತೂ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದರೆ ನೀವೂ ನಂಬಲಿಕ್ಕಿಲ್ಲ.

ಕಳೆದ ತಿಂಗಳು ಮಂಡ್ಯದಲ್ಲಿ ಒಂದು ಬೀಗರೂಟ. ಮಧ್ಯಾಹ್ನ ಮುಗಿಯಬೇಕಾದ್ದು ರಾತ್ರಿ ಒಂಬತ್ತೂವರೆವರೆಗೆ ಎಳೆಯಿತು. ಛತ್ರದ ಹಿಂದುಗಡೆ ಏನು ನಡೆಯುತ್ತದೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಕಡೆಯವರೊಬ್ಬರು 'ಬೋಟಿ ಗೊಜ್ಜು ಬೊಂಬಾಟಾಗದೆ ಕಣಣ್ಣ' ಅಂತ ನನ್ನನ್ನು ತಬ್ಬಿಕೊಂಡು ಲೋಟದಲ್ಲಿದ್ದದ್ದನ್ನೆಲ್ಲ ನನ್ನ ಅಂಗಿ ಮೇಲೆ ಚೆಲ್ಲಿದರು. ಇನ್ನೇನು ಉಣ್ಣೋಣ ಅಂತ ಎಂಟು ಗಂಟೆಗೇ ಶುಗರ್ ಮಾತ್ರೆ ನುಂಗಿದ್ದೆ. ಉಣ್ಣಲಿಲ್ಲ. ಇಡೀ ದಿನ ಒಲೆ ಮುಂದೆ ನಿಂತವನಿಗೆ ಅನ್ನ ಕಂಡರೇ ಸಾಕೆನಿಸುತ್ತದೆ, ಮನೆಗೆ ಹೋಗಿ ಮಜ್ಜಿಗೆ ಅನ್ನ ಉಂಡರಾಯಿತು ಅಂದುಕೊಂಡೆ.

2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕು ಬಿಡುವುದಿಲ್ಲವಲ್ಲ, ಸರ್ವಿಸ್ ರಸ್ತೆಯಲ್ಲೇ ಹೊರಟೆ. ಹಿಂದೆ ನನ್ನ ಕೈಯಾಳು ಹುಡುಗ. ಕಿರಂಗೂರು ಹತ್ತಿರ ಪೊಲೀಸರು ಬ್ಯಾರಿಕೇಡ್ ಹಾಕಿ ತಡೆದರು. ಅಷ್ಟರಲ್ಲಿ ಕೈ ನಡುಗುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು, ಕೇಳಿದ ಮಾತಿಗೆ ನಾಲಿಗೆ ತೊದಲಿತು. ಮೇಲಿಂದ ಅಂಗಿಯ ಆ ವಾಸನೆ ಬೇರೆ.

'ಏನ್ ಯಜಮಾನ್ರೇ, ಜೋರಾಗೇ ಹಾಕ್ದಂಗದೆ? ಇಳೀರಿ. ಈ ಬಿಳಿ ಗೆರೆ ಮ್ಯಾಲೆ ನಡ್ಕಂಡ್ ಬನ್ನಿ.'

ನಡೆದೆ. ಮೂರನೇ ಹೆಜ್ಜೆಗೇ ಗೆರೆ ಎತ್ತಲೋ, ಕಾಲು ಎತ್ತಲೋ. ನಿಂತಿದ್ದವರು ನಕ್ಕರು, ಒಬ್ಬ ಮೊಬೈಲ್ ಎತ್ತಿ ಹಿಡಿದ. ಹುಡುಗ 'ಸಾ, ನಮ್ಮಣ್ಣ ಕುಡಿಯಾಕಿಲ್ಲ, ಶುಗರ್ ಅದೆ ಸಾ' ಅಂತ ಅಂಗಲಾಚಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊದಿಸುವ ಯಂತ್ರ ಇನ್ನೊಂದು ತಂಡದ ಹತ್ತಿರ ಇತ್ತಂತೆ, ಕಾಯಬೇಕು. ಪುಣ್ಯಕ್ಕೆ ಚೀಲದಲ್ಲಿ ಉಳಿದ ಒಂದು ಅಚ್ಚು ಬೆಲ್ಲ ಇತ್ತು. ಹುಡುಗ ಕಲ್ಲಿನಲ್ಲಿ ಕುಟ್ಟಿ ಬಾಯಿಗೆ ಹಾಕಿದ. ಕಾಲು ಗಂಟೆಯಲ್ಲಿ ಬೆವರು ಆರಿತು, ಎದುರಿಗಿದ್ದವರ ಮುಖ ಸರಿಯಾಗಿ ಕಂಡಿತು. ಯಂತ್ರ ಬಂತು, ಊದಿದೆ, ಸೊನ್ನೆ. 'ಸರಿ ಹೋಗ್ರಿ' ಅಂದರು, ಅಷ್ಟೇ.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಫೋನಿನಲ್ಲಿ ಕೇಳಿ ನಗಲಿಲ್ಲ. ಅಲ್ಲಿಯೂ ನಡೆಸುತ್ತಾರಂತೆ: ಹಿಮ್ಮಡಿಗೆ ಬೆರಳು ತಾಗಿಸಿ ಒಂಬತ್ತು ಹೆಜ್ಜೆ ಹೋಗಿ, ತಿರುಗಿ ಒಂಬತ್ತು ಹೆಜ್ಜೆ ಬರಬೇಕು, ಆಮೇಲೆ ಒಂಟಿ ಕಾಲಲ್ಲಿ ನಿಲ್ಲಬೇಕು, ಜೊತೆಗೆ ಕಣ್ಣಗುಡ್ಡೆ ಅದುರುತ್ತದೆಯೇ ಅಂತ ನೋಡುತ್ತಾರೆ. ಆದರೆ ಅದಕ್ಕೆ ಪೊಲೀಸರಿಗೆ ತರಬೇತಿ ಇದೆ. 65 ದಾಟಿದವರು, ಸೊಂಟ, ಕಾಲು, ಒಳಕಿವಿಯ ತೊಂದರೆ ಇದ್ದವರು ಕುಡಿಯದೆಯೂ ತಪ್ಪಬಹುದು ಅಂತ ಆ ತರಬೇತಿಯಲ್ಲೇ ಹೇಳಿಕೊಡುತ್ತಾರಂತೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ 100 ಮಿ.ಲೀ. ರಕ್ತಕ್ಕೆ ಆಲ್ಕೋಹಾಲ್ ಮಿತಿ 80 ಮಿ.ಗ್ರಾಂ. ನಮ್ಮಲ್ಲಿ 30. ಆ 30 ದಾಟಿದ್ದು ಉಸಿರು ಪರೀಕ್ಷೆಯಲ್ಲೋ ಪ್ರಯೋಗಾಲಯದಲ್ಲೋ ಗೊತ್ತಾಗಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಬಿಳಿ ಗೆರೆಯ ಮಾತೇ ಅದರಲ್ಲಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಷ್ಟು ದೊಡ್ಡ ಶಿಕ್ಷೆಯ ಕೆಲಸಕ್ಕೆ ಕಣ್ಣಂದಾಜು ಸಾಕೇ?

ಹಾಗಂತ ತಡೆದದ್ದೇ ತಪ್ಪು ಅನ್ನುತ್ತಿಲ್ಲ. ನಿಜ ಹೇಳಬೇಕೆಂದರೆ ಅವರು ತಡೆಯದಿದ್ದರೆ ಆ ಹುಡುಗನನ್ನೂ ಕರೆದುಕೊಂಡು ಎಲ್ಲಿ ಬೀಳುತ್ತಿದ್ದೆನೋ. ಕುಡಿದಿರಲಿಲ್ಲ ಸರಿ, ಗಾಡಿ ಓಡಿಸುವ ಸ್ಥಿತಿಯಲ್ಲೂ ಇರಲಿಲ್ಲ. ನಮ್ಮ ಡಾಕ್ಟರು ಬೈದದ್ದೂ ಅದಕ್ಕೇ: ಮಾತ್ರೆ ನುಂಗಿ ಉಪವಾಸ ಇದ್ದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ, ಆಗ ನೋಡಿದವರಿಗೆ ಕುಡುಕನ ಹಾಗೇ ಕಾಣುತ್ತೀ ಅಂದರು. ಮೂರು ಚಮಚ ಸಕ್ಕರೆ ತಿಂದು 15 ನಿಮಿಷ ಕೂರಬೇಕಂತೆ.

ಜಿಲ್ಲೆಯ ಪೊಲೀಸ್ ಅಧಿಕಾರಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ. ಬ್ಯಾರಿಕೇಡ್ ಇಡುವ ಕಡೆಯಲ್ಲೆಲ್ಲ ಯಂತ್ರವೂ ಇರಲಿ. ತೊದಲುವವನು ಸಿಕ್ಕರೆ ನಡೆಸುವ ಮುಂಚೆ 'ಶುಗರ್ ಇದೆಯಾ, ಊಟ ಆಯಿತಾ' ಅಂತ ಒಂದು ಮಾತು ಕೇಳಲಿ. ಜೀಪಿನಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಪುಡಿ ಇಟ್ಟುಕೊಂಡರೆ ಇಲಾಖೆಗೇನೂ ನಷ್ಟವಿಲ್ಲ. ನಾನಂತೂ ಈಗ ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಅಚ್ಚು ಬೆಲ್ಲ ಇಟ್ಟಿದ್ದೇನೆ, ಇರುವೆ ಕಾಟ ತಡೆಯಲಾಗುತ್ತಿಲ್ಲ.

ಇನ್ನೊಂದು. ಆ ರಾತ್ರಿ ನನ್ನ ಬಾಯಿಗಿಟ್ಟ ಪೈಪು ಹೊಸದೋ, ನನಗಿಂತ ಮುಂಚೆ ಯಾರೋ ಊದಿದ್ದೋ? ಕೇಳುವ ಧೈರ್ಯ ಬರಲಿಲ್ಲ.

ಒಬ್ಬ ಅಡುಗೆಯವನು, ಗಂಜಾಂ